ಊರು ಎಂಬ ಎರಡಕ್ಷರದ ಮಾತು

(ಶಾಲೆಯ ಮುಖ್ಯೋಪಾಧ್ಯಾಯರು, ಬಿ.ಎ., ಬಿ.ಟಿ.)



ಕಳೆದ ವರ್ಷ ನಮ್ಮ ಶಾಲೆಯ ವಸ್ತುಪ್ರದರ್ಶನಕ್ಕಾಗಿ ಒಂಬತ್ತನೆಯ ತರಗತಿಯವರು ಎರಡು ನಕ್ಷೆಗಳನ್ನು ಬರೆಯಲು ತೊಡಗಿದ್ದರು. ಒಂದು ಹೊಸೂರು ತಾಲ್ಲೂಕಿನದು. ಇನ್ನೊಂದು ನಮ್ಮ ಶಾಲೆಯಿರುವ ಊರಿನದು. ತಾಲ್ಲೂಕಿನ ನಕ್ಷೆಗೆ ತಲೆಬರೆಹ ಕೊಡುವ ಸಮಯದಲ್ಲಿ ಇಬ್ಬರು ಹುಡುಗರಿಗೆ ಜಗಳ ಹತ್ತಿತು. ಒಬ್ಬನು, "ಹೊಸೂರು ಎಂಬುದು ಕನ್ನಡದ ಹೆಸರು, ಹೆಸರು ಯಾರದೋ ಊರೂ ಅವರದೇ" ಎಂದನು. ಮನೆಯಲ್ಲಿ ತಮಿಳನ್ನಾಡುವ ಇನ್ನೊಬ್ಬನು, "ಊರ್ ಎಂಬುದು ತಮಿಳು ಮಾತು, ವೇಲೂರು, ಕರೂರು, ತಂಜಾವೂರುಗಳೆಲ್ಲ ಕನ್ನಡವೋ?" ಎಂದು ಮರುಪ್ರಶ್ನೆ ಹಾಕಿದನು. ಮಾತಿಗೆ ಮಾತು ಬೆಳೆದು, ನಾನು ತರಗತಿಗೆ ಬರುವ ವೇಳೆಗೆ ನಕ್ಷೆಯ ಒಂದು ಮೂಲೆ ಹರಿದುಹೋಗಿತ್ತು. ಒಂದೇ ಬೆಂಚಿನಲ್ಲಿ ಕುಳಿತು ಬುತ್ತಿ ಹಂಚಿಕೊಳ್ಳುತ್ತಿದ್ದ ಆ ಇಬ್ಬರು ಎರಡು ದಿನ ಒಬ್ಬರನ್ನೊಬ್ಬರು ಮಾತನಾಡಿಸಲಿಲ್ಲ.

ಇಬ್ಬರನ್ನೂ ಗದರಿಸಿ ಕುಳ್ಳಿರಿಸುವುದು ಸುಲಭವಾಗಿತ್ತು. ಆದರೆ ಅವರ ಪ್ರಶ್ನೆ ನಿಜವಾದ ಪ್ರಶ್ನೆ. ಗಡಿನಾಡಿನಲ್ಲಿ ಬಾಳುವ ನಾವೆಲ್ಲರೂ ಒಂದಲ್ಲ ಒಂದು ದಿನ ಅದಕ್ಕೆ ಉತ್ತರ ಹುಡುಕಲೇಬೇಕು. ಆದುದರಿಂದ ಆ ವಾರ ನಾನು ತರಗತಿಯಲ್ಲಿ ಹೇಳಿದುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಪಾಠದ ವಸ್ತು ಎರಡಕ್ಷರದ ಒಂದು ನಾಮಪದ: ಊರು.

1. ಪದದ ಅರ್ಥಗಳು

ಊರು ಎಂದರೆ ಜನರು ನೆಲೆಸಿರುವ ಸ್ಥಳ. ಹಳ್ಳಿಯೂ ಊರೇ, ಪಟ್ಟಣವೂ ಊರೇ. ಇಪ್ಪತ್ತು ಮನೆಗಳಿರುವ ಕಡೆಯೂ ಊರು, ಸುಮಾರು ಕ್ರಿ.ಶ. 890ರ ಬೇಗೂರಿನ ವೀರಗಲ್ಲಿನಲ್ಲಿ 'ಬೆಂಗುಳೂರು' ಎಂದು ಹೆಸರಾಗಿ, ಇಂದು ಕೋಟಿಗೂ ಮೀರಿದ ಜನ ವಾಸಿಸುತ್ತಿರುವ ರಾಜಧಾನಿಯೂ ಊರು. ಅಳತೆಗೆ ಕಟ್ಟುಬೀಳದಿರುವುದು ಈ ಪದದ ಮೊದಲ ಗುಣ.

ಎರಡನೆಯದಾಗಿ, ಊರು ಎಂದರೆ ಹುಟ್ಟಿದ ನೆಲೆ. ಹೊಸೂರಿನ ಕಾರ್ಖಾನೆಯಲ್ಲಿ ದುಡಿಯುವವನು ಹಬ್ಬಕ್ಕೆ ರಜೆ ಕೇಳುವಾಗ "ಊರಿಗೆ ಹೋಗಬೇಕು" ಎನ್ನುತ್ತಾನೆ. ಅವನು ನಿಂತು ಮಾತನಾಡುತ್ತಿರುವ ಸ್ಥಳವೂ ಊರೇ ಅಲ್ಲವೆ? ಆದರೂ ಕೇಳಿದವನಿಗೆ ಗೊಂದಲವಾಗುವುದಿಲ್ಲ. ವಿಶೇಷಣವಿಲ್ಲದೆ ಬರಿಯ 'ಊರು' ಎಂದಾಗ, ತಂದೆತಾಯಿಗಳಿರುವ ಸ್ಥಳವೆಂದೇ ತಾತ್ಪರ್ಯ.

ಮೂರನೆಯದಾಗಿ, ಊರು ಎಂದರೆ ಊರಿನ ಜನ. "ಊರಿಗೆ ಊರೇ ಬಂದು ಸೇರಿತು" ಎಂದಾಗ ಮನೆಗಳೂ ಬಾವಿಗಳೂ ನಡೆದು ಬಂದುವೆಂದು ಅರ್ಥವಲ್ಲ. "ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ" ಎಂಬ ಗಾದೆಯಲ್ಲಿಯೂ ಹೋಗೆನ್ನುವವರು ಜನರೇ. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಈ ಅರ್ಥ ಇನ್ನೂ ಒಂದು ಹೆಜ್ಜೆ ಮುಂದುವರಿದಿದೆ. ಅಲ್ಲಿ 'ಊರ್' ಎಂದರೆ ಗ್ರಾಮದ ಆಡಳಿತವನ್ನು ನಡೆಸುವ ಕೂಟವೆಂದೂ ಅರ್ಥವಿದೆ. ಬ್ರಾಹ್ಮಣರ ಅಗ್ರಹಾರಗಳ ಕೂಟಕ್ಕೆ ಸಭೆಯೆಂದು ಹೆಸರು. ವರ್ತಕರ ಕೂಟಕ್ಕೆ ನಗರವೆಂದು ಹೆಸರು. ಉಳಿದ ಗ್ರಾಮಗಳ ಕೂಟಕ್ಕೆ ಊರ್ ಎಂದೇ ಹೆಸರು.

ನಮ್ಮ ಕೃಷ್ಣಗಿರಿಯ ಸೀಮೆಯಲ್ಲಿ ಹೊಲದ ಬದುವಿನಲ್ಲಿಯೂ ಕೆರೆಯ ಏರಿಯ ಮೇಲೆಯೂ ವೀರಗಲ್ಲುಗಳನ್ನು ನೀವು ಕಂಡಿರುವಿರಿ. ದನಗಳ ಹಿಂಡನ್ನು ಬಿಡಿಸಿಕೊಳ್ಳುವಾಗ ಮಡಿದವರಿಗಾಗಿ ನಿಲ್ಲಿಸಿದ ಕಲ್ಲುಗಳಿರುವಂತೆ, 'ಊರಳಿವು', ಎಂದರೆ ಊರಿನ ಮೇಲೆ ಬಿದ್ದ ದಾಳಿ, ನಡೆದಾಗ ಕಾದಿ ಮಡಿದವರಿಗಾಗಿ ನಿಲ್ಲಿಸಿದ ಕಲ್ಲುಗಳೂ ಕನ್ನಡನಾಡಿನಲ್ಲಿ ಉಂಟು. ಆ ವೀರರು ಪ್ರಾಣ ಕೊಟ್ಟದ್ದು ಗೋಡೆಗಳಿಗಾಗಿ ಅಲ್ಲ, ಗೋಡೆಗಳೊಳಗಿನ ಜನಕ್ಕಾಗಿ ಎಂಬುದನ್ನು ನೆನಪಿಡಬೇಕು.

2. ಹೊಸೂರು ಎಂಬ ಹೆಸರು

ಹೊಸ + ಊರು = ಹೊಸೂರು. ಇಲ್ಲಿ ಪೂರ್ವಪದದ ಕೊನೆಯ ಅಕಾರವು ಲೋಪವಾಗಿದೆ. ಆದುದರಿಂದ ಇದು ಲೋಪಸಂಧಿ. ಊರು + ಊರು = ಊರೂರು ಎಂಬುದನ್ನು ನೀವು ವ್ಯಾಕರಣದಲ್ಲಿ ಓದಿದ್ದೀರಿ; ಅದೂ ಇದೇ ಸಂಧಿಯೇ.

ಇನ್ನು 'ಹೊಸ' ಎಂಬ ಪದವನ್ನು ನೋಡೋಣ. ಹಳಗನ್ನಡದಲ್ಲಿ ಇದು 'ಪೊಸ' ಎಂದಿತ್ತು. ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಕನ್ನಡದಲ್ಲಿ ಪದದ ಮೊದಲಿನ ಪಕಾರವು ಮೆಲ್ಲಮೆಲ್ಲನೆ ಹಕಾರವಾಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪತ್ತು ಹತ್ತಾಯಿತು. ನಮ್ಮ ನೆರೆಯ ತಮಿಳಿನಲ್ಲಿ ಪಾಲ್, ಪುಲಿ, ಪೂ, ಪತ್ತು ಎಂದೇ ಇಂದಿಗೂ ಉಳಿದಿವೆ. ಹಳಗನ್ನಡದ ಪೊಸ ಎಂಬುದಕ್ಕೆ ತಮಿಳಿನ 'ಪುದು' ಎಂಬುದು ಸಂಬಂಧಿ.

ಈ ಒಂದು ನಿಯಮವು ತಿಳಿದರೆ ಭೂಪಟವು ಹೊಸದಾಗಿ ಕಾಣುತ್ತದೆ. ತಮಿಳುನಾಡಿನ ಎಷ್ಟೋ 'ಪುದೂರು'ಗಳು ಅರ್ಥದಲ್ಲಿ ನಮ್ಮ ಹೊಸೂರುಗಳೇ. ಪುದುಕ್ಕೋಟ್ಟೈ ಎಂಬ ಜಿಲ್ಲಾ ಕೇಂದ್ರವೂ ಬೆಂಗಳೂರಿನ ಬಳಿಯ ಹೊಸಕೋಟೆಯೂ ಒಂದೇ ಹೆಸರಿನವು. ನಮ್ಮ ಹತ್ತಿರದ ಅನೇಕ ಗ್ರಾಮಗಳ ಹೆಸರಿನ ಕೊನೆಯಲ್ಲಿರುವ 'ಪಳ್ಳಿ'ಯೂ ಆನೇಕಲ್ಲಿನ ಕಡೆಯ ಗ್ರಾಮಗಳ 'ಹಳ್ಳಿ'ಯೂ ಒಂದೇ ಪದ. ಪಟ್ಟಿಯೂ ಹಟ್ಟಿಯೂ ಹಾಗೆಯೇ. ತಮಿಳಿನಲ್ಲಿ 'ಪಳ್ಳಿ' ಎಂದರೆ ಶಾಲೆಯೆಂದೂ ಅರ್ಥವಿದೆ. ನಮ್ಮ ಹಳ್ಳಿಯ ಮಕ್ಕಳು ಪಳ್ಳಿಗೆ ಬರುತ್ತಾರೆಂದರೆ ಒಂದೇ ಪದದ ಒಂದು ಮನೆಯಿಂದ ಇನ್ನೊಂದು ಮನೆಗೆ ಬಂದಂತೆಯೇ ಸರಿ.

ಬಸ್ಸಿನ ಫಲಕದ ಮೇಲೆ 'ಒಸೂರ್', 'ಓಸೂರ್' ಎಂದು ಬರೆದಿರುವುದನ್ನು ನೋಡಿ ಕೆಲವು ಮಕ್ಕಳು ನಮ್ಮ ಊರಿನ ಹೆಸರನ್ನು ಕೆಡಿಸಿದರೆಂದು ನೊಂದುಕೊಳ್ಳುತ್ತಾರೆ. ನೊಂದುಕೊಳ್ಳಬೇಕಾದ ಕಾರಣವಿಲ್ಲ. ತಮಿಳಿನ ಅಚ್ಚ ಅಕ್ಷರಮಾಲೆಯಲ್ಲಿ ಹಕಾರವಿಲ್ಲ; ತಮಿಳರು ಕನ್ನಡದ ಹೆಸರನ್ನೇ ಇಟ್ಟುಕೊಂಡು ತಮ್ಮ ಬಾಯಿಗೆ ಒಗ್ಗಿಸಿಕೊಂಡರು. ಪುದೂರು ಎಂದು ಬದಲಾಯಿಸಲಿಲ್ಲ ಎಂಬುದನ್ನು ಗಮನಿಸಿ.

ರಾಜ್ಯಗಳ ಗಡಿಗಳು ಈ ಸೀಮೆಯ ಮೇಲೆ ಹಲವು ಬಾರಿ ಸರಿದಿವೆ. ಹೊಸೂರು ಮೈಸೂರಿನ ಅರಸರ ಕೈಯಲ್ಲಿತ್ತು. 1799ರ ಯುದ್ಧದ ತರುವಾಯ ಇಂಗ್ಲಿಷರ ಮದರಾಸು ಆಧಿಪತ್ಯಕ್ಕೆ ಸೇರಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಮದರಾಸು ರಾಜ್ಯದಲ್ಲಿಯೇ ಉಳಿಯಿತು. 1969ರಲ್ಲಿ ಆ ರಾಜ್ಯಕ್ಕೆ ತಮಿಳುನಾಡು ಎಂದು ಹೆಸರಾಯಿತು. ಸೇಲಂ ಜಿಲ್ಲೆಯಲ್ಲಿದ್ದ ತಾಲ್ಲೂಕು 1965ರಲ್ಲಿ ಧರ್ಮಪುರಿ ಜಿಲ್ಲೆಗೂ 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೂ ಸೇರಿತು. ಪಟ್ಟಣವು 2019ರಲ್ಲಿ ಮಹಾನಗರಪಾಲಿಕೆಯಾಯಿತು. ಇಷ್ಟಾದರೂ ಹೆಸರು ಮಾತ್ರ 'ಹೊಸ ಊರು' ಎಂದೇ ನಿಂತಿದೆ.

3. ನಾನು ತಪ್ಪಾಗಿ ಕಲಿಸಿದ ಪಾಠ

ಇಲ್ಲಿ ಒಂದು ತಪ್ಪೊಪ್ಪಿಗೆಯನ್ನು ಮಾಡಿಕೊಳ್ಳಬೇಕು. ಅಧ್ಯಾಪಕನಾದ ಮೊದಲ ವರ್ಷಗಳಲ್ಲಿ ನಾನು, 'ಊರು ಎಂಬ ನಾಮಪದವು ಊರು ಎಂಬ ಕ್ರಿಯಾಪದದಿಂದ ಬಂದಿದೆ. ಅಲೆಯುತ್ತಿದ್ದ ಮನುಷ್ಯನು ಕಾಲೂರಿ ನಿಂತ ಸ್ಥಳವೇ ಊರು' ಎಂದು ಮಕ್ಕಳಿಗೆ ಬರೆಸುತ್ತಿದ್ದೆನು. ಕೇಳುವುದಕ್ಕೆ ಬಹು ಸೊಗಸಾದ ವಿವರಣೆ. ಮಕ್ಕಳೂ ಮೆಚ್ಚುತ್ತಿದ್ದರು, ನನಗೂ ಹೆಮ್ಮೆಯಾಗುತ್ತಿತ್ತು.

ಒಮ್ಮೆ ಪರೀಕ್ಷಾ ಕೇಂದ್ರದಲ್ಲಿ ನನ್ನೊಡನೆ ಮೇಲ್ವಿಚಾರಣೆಗೆ ಬಂದಿದ್ದ ತಮಿಳು ಪಂಡಿತರೊಬ್ಬರಿಗೆ ಇದನ್ನು ಹೇಳಿದೆನು. ಹಿರಿಯರಾದ ಅವರು ನಗಲಿಲ್ಲ. ಒಂದು ಕಾಗದದ ಚೂರಿನ ಮೇಲೆ ಮೂರು ತಮಿಳು ಪದಗಳನ್ನು ಬರೆದು, "ಸಾರ್, ಈ ಮೂರರಲ್ಲಿಯೂ ರೇಫೆ ಒಂದೇ ಏನು, ನೋಡಿ" ಎಂದರು. ಆ ಪದಗಳು ಇವು:

ಊರ್: ಜನರು ವಾಸಿಸುವ ಸ್ಥಳ.
ಊನ್ಱು: ನೆಲಕ್ಕೆ ಒತ್ತಿ ನಿಲ್ಲಿಸು, ನಾಟು.
ಊಱು: ಒಸರು, ನೆನೆ, ರಸವೂರು.

ತಮಿಳಿನಲ್ಲಿ ರಕಾರ ಎರಡು ಬಗೆ. ಒಂದು ಸಾಮಾನ್ಯ ರ, ಇನ್ನೊಂದು ಶಕಟರೇಫೆಯೆಂದು ಹೆಸರಾದ ಱ. ಕನ್ನಡದಲ್ಲಿಯೂ ಇವೆರಡೂ ಇದ್ದುವು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸಿದಾಗ ಱಕಾರವು ನಮ್ಮ ವರ್ಣಮಾಲೆಯಲ್ಲಿತ್ತು. ಕಾಲಕ್ರಮದಲ್ಲಿ ಎರಡು ಧ್ವನಿಗಳೂ ಒಂದಾಗಿ, ಅಕ್ಷರವೂ ಬಳಕೆಯಿಂದ ಹೋಯಿತು. ಆದುದರಿಂದ ಕನ್ನಡದಲ್ಲಿ ಮೂಲತಃ ಬೇರೆಬೇರೆಯಾದ ಮೂರು ಮಾತುಗಳು ಇಂದು 'ಊರು' ಎಂಬ ಒಂದೇ ವೇಷದಲ್ಲಿ ನಮ್ಮೆದುರಿಗೆ ನಿಂತಿವೆ.

ತಮಿಳಿನಲ್ಲಿ 'ನ್ಱ' ಇರುವಲ್ಲಿ ಹಳಗನ್ನಡದಲ್ಲಿ ಬರಿಯ 'ಱ' ಇರುವುದು ಇನ್ನೂ ಕೆಲವು ಪದಗಳಲ್ಲಿ ಕಾಣುತ್ತದೆ. ತಮಿಳಿನ ಮೂನ್ಱು ನಮ್ಮ ಮೂಱು, ಈಗಿನ ಮೂರು. ತಮಿಳಿನ ಕನ್ಱು ನಮ್ಮ ಕಱು, ಈಗಿನ ಕರು. ಹಾಗೆಯೇ ತಮಿಳಿನ ಊನ್ಱು ನಮ್ಮ ಊಱು. ಕಾಲೂರು, ಬೇರೂರು, ಊರುಗೋಲು ಎಂಬಲ್ಲಿರುವುದು ಇದೇ. ಮುದುಕರ ಊರುಗೋಲು ಊರಿನ ಕೋಲಲ್ಲ, ನೆಲಕ್ಕೆ ಊರುವ ಕೋಲು. ಮೂರನೆಯ ಊಱು ಎಂಬುದು ನಮ್ಮಲ್ಲಿ "ಬಾಯಲ್ಲಿ ನೀರೂರಿತು" ಎಂಬ ಮಾತಿನಲ್ಲಿ ಉಳಿದಿದೆ.

ಈ ಪಾಠವನ್ನು ತರಗತಿಯಲ್ಲಿ ಹೇಳುತ್ತಿದ್ದಾಗ, ನಕ್ಷೆಯ ಜಗಳದಲ್ಲಿದ್ದ ತಮಿಳು ಮನೆಮಾತಿನ ಹುಡುಗನು ಥಟ್ಟನೆ ಎದ್ದು, "ಸಾರ್, ಹಾಗಾದರೆ ಊಱುಕಾಯ್ ಎಂದರೆ ಊರಿನ ಕಾಯಿ ಅಲ್ಲ, ಉಪ್ಪಿನಲ್ಲಿ ಊರಿದ ಕಾಯಿ!" ಎಂದನು. ಊಱುಕಾಯ್ ಎಂಬುದು ಉಪ್ಪಿನಕಾಯಿಯ ತಮಿಳು ಹೆಸರು. ನಾನು ಅರ್ಧ ಗಂಟೆಯಲ್ಲಿ ವಿವರಿಸಿದುದನ್ನು ಅವನು ತನ್ನ ತಾಯಿಯ ಅಡಿಗೆಮನೆಯಿಂದ ಒಂದು ಕ್ಷಣದಲ್ಲಿ ತಂದನು. ಮನೆಯಲ್ಲಿ ಒಂದು ಭಾಷೆಯನ್ನೂ ಶಾಲೆಯಲ್ಲಿ ಇನ್ನೊಂದನ್ನೂ ಆಡುವ ಮಗುವಿಗಿರುವ ಅನುಕೂಲ ಇದು.

ಆದುದರಿಂದ, ವಾಸಸ್ಥಳವೆಂಬ ಅರ್ಥದ ಊರು ಸಾಮಾನ್ಯ ರಕಾರದ ಬೇರೊಂದು ಪದ. ಕಾಲೂರುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ನಾನು ಬರೆಸಿದ್ದ ಸೊಗಸಾದ ವಿವರಣೆ ಅಕ್ಷರದ ಒಂದು ಸಾಕ್ಷ್ಯದಿಂದ ಬಿದ್ದುಹೋಯಿತು. ಆಗ ಓದಿದ ನನ್ನ ಹಳೆಯ ವಿದ್ಯಾರ್ಥಿಗಳು ಈ ಸಂಚಿಕೆಯನ್ನು ನೋಡಿದರೆ ತಮ್ಮ ಟಿಪ್ಪಣಿಯನ್ನು ತಿದ್ದಿಕೊಳ್ಳಬೇಕೆಂದು ಕೋರುತ್ತೇನೆ.

ಇವಲ್ಲದೆ ಸಂಸ್ಕೃತದಿಂದ ಬಂದ ಇನ್ನೊಂದು 'ಊರು' ಉಂಟು. ಅದರ ಅರ್ಥ ತೊಡೆ. ಭಾಸನ ನಾಟಕವಾದ 'ಊರುಭಂಗ'ವು ಭೀಮನ ಗದೆಯಿಂದ ದುರ್ಯೋಧನನ ತೊಡೆಗಳು ಮುರಿದ ಕಥೆ. ಒಬ್ಬ ವಿದ್ಯಾರ್ಥಿಯು ಪರೀಕ್ಷೆಯಲ್ಲಿ 'ಊರುಭಂಗವೆಂದರೆ ಊರನ್ನು ಹಾಳುಮಾಡುವುದು' ಎಂದು ಬರೆದಿದ್ದನು. ಮೇಲೆ ಹೇಳಿದ ಊರಳಿವಿಗೂ ಊರುಭಂಗಕ್ಕೂ ಇರುವ ವ್ಯತ್ಯಾಸವನ್ನು ಇನ್ನು ಯಾರೂ ಮರೆಯಲಾರರೆಂದು ನಂಬುತ್ತೇನೆ.

4. ಊರು ಎಂಬುದು ಯಾರ ಪದ?

ಕನ್ನಡದಲ್ಲಿ ಊರು, ತಮಿಳು ಮಲಯಾಳಗಳಲ್ಲಿ ಊರ್, ತೆಲುಗಿನಲ್ಲಿಯೂ ತುಳುವಿನಲ್ಲಿಯೂ ಊರು. ಮೈಸೂರು ಮಂಗಳೂರುಗಳಂತೆಯೇ ನೆಲ್ಲೂರು ಗುಂಟೂರುಗಳೂ ಇವೆ. ಹಾಗಾದರೆ ಯಾರು ಯಾರಿಂದ ಎರವಲು ಪಡೆದರು? ಯಾರೂ ಪಡೆಯಲಿಲ್ಲ. ಅಣ್ಣತಮ್ಮಂದಿರ ಮುಖದಲ್ಲಿ ಒಂದೇ ಮೂಗು ಇದ್ದರೆ ಒಬ್ಬನು ಇನ್ನೊಬ್ಬನಿಂದ ಕದ್ದನೆಂದು ಯಾರಾದರೂ ಹೇಳುವರೆ? ಇಬ್ಬರಿಗೂ ಹಿರಿಯರಿಂದ ಬಂದುದು. ಈ ಭಾಷೆಗಳೆಲ್ಲ ಒಂದು ಕುಲಕ್ಕೆ ಸೇರಿದುವೆಂದು 1816ರಲ್ಲಿ ಮದರಾಸಿನ ಎಲ್ಲಿಸ್ ಎಂಬ ಅಧಿಕಾರಿಯು ತೋರಿಸಿದನು. 1856ರಲ್ಲಿ ಕಾಲ್ಡ್‌ವೆಲ್ ಪಾದ್ರಿಯು ಅವುಗಳ ವ್ಯಾಕರಣಗಳನ್ನು ಹೋಲಿಸಿ ದೊಡ್ಡ ಗ್ರಂಥವನ್ನು ಬರೆದನು. ಊರು ಎಂಬುದು ಆ ಕುಲದ ಹಳೆಯ ಆಸ್ತಿ.

ಆದರೆ ಧ್ವನಿಯ ಹೋಲಿಕೆಯೊಂದನ್ನೇ ನಂಬಬಾರದು. ಇದಕ್ಕೆ ಜರ್ಮನಿಯಿಂದ ಒಂದು ಉದಾಹರಣೆ ತರುತ್ತೇನೆ. ಮಂಗಳೂರಿನಲ್ಲಿ 1894ರಲ್ಲಿ ಪ್ರಕಟವಾದ ಕನ್ನಡ–ಇಂಗ್ಲಿಷ್ ನಿಘಂಟನ್ನು ರಚಿಸಿದ ಫರ್ಡಿನಾಂಡ್ ಕಿಟ್ಟೆಲ್ ಜರ್ಮನಿಯವರು. ಊರು ಎಂಬ ಅರ್ಥಕ್ಕೆ ಹತ್ತಿರವಾದ ಅವರ ತಾಯ್ನುಡಿಯ ಪದ 'ಓರ್ಟ್'. ನೆರೆಯ ಪುಟ್ಟ ದೇಶವಾದ ಲಕ್ಸೆಂಬರ್ಗಿನ ಭಾಷೆಯಲ್ಲಿ ಅದೇ ಪದ 'ಉಅರ್ಟ್'. ನಮ್ಮ ಊರಿಗೂ ಅವರ ಉಅರ್ಟಿಗೂ ಎಷ್ಟೊಂದು ಹೋಲಿಕೆ! ಆದರೆ ಹಳೆಯ ಜರ್ಮನ್ ಭಾಷೆಯಲ್ಲಿ ಓರ್ಟ್ ಎಂದರೆ ಈಟಿಯ ಅಥವಾ ಕತ್ತಿಯ ಮೊನೆ. ಮೊನೆಯೆಂಬುದರಿಂದ ತುದಿ, ತುದಿಯಿಂದ ಅಂಚು, ಅಂಚಿನಿಂದ ಎಡೆ, ಎಡೆಯಿಂದ ಜನವಸತಿ ಎಂದು ಅರ್ಥವು ಸರಿಯುತ್ತ ಬಂದಿತು. ಗಣಿಯವರ ಜರ್ಮನ್ ಮಾತಿನಲ್ಲಿ ಓರ್ಟ್ ಎಂಬುದಕ್ಕೆ ಸುರಂಗವನ್ನು ಅಗೆಯುತ್ತಿರುವ ತುದಿಯೆಂಬ ಅರ್ಥ ಉಳಿದಿದೆ. ಆಯುಧದ ಮೊನೆಯಿಂದ ಹುಟ್ಟಿದ ಪದಕ್ಕೂ ನಮ್ಮ ಊರಿಗೂ ನೆಂಟಸ್ತಿಕೆ ಇಲ್ಲ. ಮೆಸೊಪೊಟೇಮಿಯದ ಪ್ರಾಚೀನ ನಗರವಾದ 'ಊರ್' ಎಂಬ ಹೆಸರನ್ನು ಕೇಳಿ ಹಿಗ್ಗುವವರೂ ಇದೇ ಎಚ್ಚರಿಕೆಯನ್ನು ನೆನಪಿಡಬೇಕು.

ಪದಗಳು ಬೇರೆಯಾದರೂ ಮನುಷ್ಯನ ಯೋಚನೆ ಮಾತ್ರ ಒಂದೇ ಬಗೆಯದು. ಇಂಗ್ಲಿಷಿನ 'ಟೌನ್' ಎಂಬುದೂ ಬೇಲಿಯೆಂಬ ಅರ್ಥದ ಜರ್ಮನ್ 'ತ್ಸೌನ್' ಎಂಬುದೂ ಒಂದೇ ಮೂಲದವು. ಬೇಲಿ ಹಾಕಿದ ಜಾಗವೇ ಊರಾಯಿತು. ನಮ್ಮಲ್ಲಿಯೂ ದನಕುರಿಗಳ ದೊಡ್ಡಿಯಾದ ಹಟ್ಟಿಯು ಗ್ರಾಮದ ಹೆಸರಾಗಿದೆ. ಲಕ್ಸೆಂಬರ್ಗ್ ನಗರದಲ್ಲಿ 'ನೊಯ್‌ಡೋರ್ಫ್' ಎಂಬ ಬಡಾವಣೆಯಿದೆ, ಅರ್ಥ ಹೊಸಹಳ್ಳಿ. ಇಟಲಿಯ ನೇಪಲ್ಸ್ ಎಂಬ ಹೆಸರು ಗ್ರೀಕರ 'ನೆಯಾಪೊಲಿಸ್', ಅಂದರೆ ಹೊಸ ಪಟ್ಟಣ. ಲೋಕದಲ್ಲಿ ಎಲ್ಲೆಲ್ಲಿಯೂ ಹೊಸೂರುಗಳಿವೆ.

5. ಊರು ಮತ್ತು ಕೇರಿ

ತಾಲ್ಲೂಕಿನ ನಕ್ಷೆಯ ಜಗಳ ಹೀಗೆ ಮುಗಿಯಿತು. ಹೆಸರಿನ ಮೊದಲ ಭಾಗದ ರೂಪ ಕನ್ನಡದ್ದು, ಎರಡನೆಯ ಭಾಗ ಎಲ್ಲರದು. ಆದುದರಿಂದ ಇಬ್ಬರೂ ಅರ್ಧ ಸರಿ. ಇಬ್ಬರೂ ಕೂಡಿ ಹರಿದ ಮೂಲೆಯನ್ನು ಅಂಟಿಸಿ, ಕನ್ನಡ, ತಮಿಳು, ತೆಲುಗು ಮೂರು ಲಿಪಿಗಳಲ್ಲಿಯೂ ತಲೆಬರೆಹವನ್ನು ಬರೆದರು.

ಎರಡನೆಯ ನಕ್ಷೆಯ ವಿಷಯ ಅಷ್ಟು ಸುಲಭವಾಗಿರಲಿಲ್ಲ. ನಮ್ಮ ಊರಿನ ನಕ್ಷೆಯಲ್ಲಿ ದೇವಸ್ಥಾನ, ಕೆರೆ, ಶಾಲೆ, ಬೀದಿಗಳು ಎಲ್ಲವನ್ನೂ ಅಂದವಾಗಿ ಬರೆದಿದ್ದರು. ಹಿಂದಿನ ಸಾಲಿನ ಒಬ್ಬ ಹುಡುಗಿಯು ಬಹಳ ಹೊತ್ತು ಅದನ್ನು ನೋಡುತ್ತಿದ್ದು, ಮೆಲ್ಲಗೆ, "ಸಾರ್, ನಮ್ಮ ಕೇರಿ ಊರಿಗೆ ಸೇರುವುದಿಲ್ಲವೆ?" ಎಂದು ಕೇಳಿದಳು. ನಾನು ನೋಡಿದೆನು. ಕೆರೆಯ ಆಚೆಯ ಆ ಅರುವತ್ತು ಎಪ್ಪತ್ತು ಮನೆಗಳ ಜಾಗದಲ್ಲಿ ಬಿಳಿಯ ಕಾಗದ ಮಾತ್ರ ಇತ್ತು. ಬರೆದ ಮಕ್ಕಳಿಗೆ ದುರುದ್ದೇಶವಿರಲಿಲ್ಲ. ದೊಡ್ಡವರ ಮಾತಿನಲ್ಲಿ ಕೇಳಿದ ಊರನ್ನೇ ಅವರು ಬರೆದಿದ್ದರು. ನಾನೂ ಆ ನಕ್ಷೆಯನ್ನು ಎರಡು ಬಾರಿ ನೋಡಿ ಮೆಚ್ಚಿದ್ದೆನೆಂಬುದನ್ನು ಹೇಳದಿದ್ದರೆ ಅಪ್ರಾಮಾಣಿಕತೆಯಾಗುತ್ತದೆ.

ಕೇರಿ ಎಂಬ ಪದವೂ ಊರಿನಷ್ಟೇ ಹಳೆಯದು. ಹಕಾರ ಪಕಾರಗಳಂತೆಯೇ ಇಲ್ಲಿಯೂ ಒಂದು ನಿಯಮವುಂಟು. ಕನ್ನಡದಲ್ಲಿ ಕಿ, ಕೆ, ಕೇ ಎಂದು ತೊಡಗುವ ಎಷ್ಟೋ ಪದಗಳು ತಮಿಳಿನಲ್ಲಿ ಚಕಾರದಿಂದ ತೊಡಗುತ್ತವೆ. ನಮ್ಮ ಕಿವಿ ಅವರ ಚೆವಿ. ನಮ್ಮ ಕಿರಿಯ ಅವರ ಚಿಱಿಯ. ನಮ್ಮ ಕೇರಿ ಅವರ ಚೇರಿ. ಪುದುಚೇರಿ ಎಂದರೆ ಹೊಸಕೇರಿ. ಕೇರಿ ಎಂದರೆ ಮೂಲದಲ್ಲಿ ಬೀದಿ, ಮನೆಗಳ ಸಾಲು; ಅದರಲ್ಲಿ ಹೀನಾರ್ಥವೇನೂ ಇಲ್ಲ. ಆದರೆ ಎರಡು ಭಾಷೆಗಳಲ್ಲಿಯೂ ಜಾತಿಯ ಕಟ್ಟುಪಾಡು ಈ ಜೋಡಿ ಪದಗಳ ನಡುವೆ ಗೋಡೆ ಎಬ್ಬಿಸಿತು. ಊರು ಎಂದರೆ ಒಳಗಿನವರದು, ಕೇರಿ ಎಂದರೆ ಹೊರಗಿಟ್ಟವರದು ಎಂಬ ಭಾವ ಬೆಳೆಯಿತು. ಕವಿ ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥನಕ್ಕೆ 'ಊರುಕೇರಿ' ಎಂದು ಹೆಸರಿಟ್ಟುದು ಈ ಕಾರಣದಿಂದ ಅರ್ಥವತ್ತಾಗಿದೆ. ಪದಗಳನ್ನು ಹಂಚಿಕೊಂಡಂತೆಯೇ ಈ ದೋಷವನ್ನೂ ಎರಡು ಭಾಷೆಯ ಜನರೂ ಹಂಚಿಕೊಂಡಿದ್ದೇವೆ.

ಹುಡುಗಿಯ ಪ್ರಶ್ನೆಗೆ ನಿಘಂಟಿನಲ್ಲಿ ಉತ್ತರವಿಲ್ಲ. ಉತ್ತರ ನಕ್ಷೆಯಲ್ಲಿರಬೇಕು. ಆ ಸಂಜೆ ಆರು ಮಂದಿ ಮಕ್ಕಳು ಅವಳೊಡನೆ ಕೆರೆಯಾಚೆಗೆ ಹೋಗಿ, ಮನೆಗಳನ್ನೂ ಬಾವಿಯನ್ನೂ ಹುಣಿಸೆಯ ಮರವನ್ನೂ ಎಣಿಸಿಕೊಂಡು ಬಂದರು. ಅವರಲ್ಲಿ ಜಗಳವಾಡಿದ ಇಬ್ಬರೂ ಇದ್ದರು. ಕಾಗದ ಸಾಲದೆ ಇನ್ನೊಂದು ಹಾಳೆಯನ್ನು ಜೋಡಿಸಬೇಕಾಯಿತು. ಪ್ರದರ್ಶನದ ದಿನ ಅವಳ ತಾಯಿ ಬಂದು ತಮ್ಮ ಮನೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

6. ಪೋಷಕರಿಗೆ ಎರಡು ಮಾತು

ತಮಿಳುನಾಡಿನಲ್ಲಿ 2006ರ ಕಾಯಿದೆಯ ಪ್ರಕಾರ ಒಂದನೆಯ ತರಗತಿಯಿಂದ ಮೊದಲುಗೊಂಡು ಹಂತಹಂತವಾಗಿ ತಮಿಳು ಕಲಿಕೆ ಕಡ್ಡಾಯವಾಗಿದೆ. ಕನ್ನಡ, ತಮಿಳು, ಇಂಗ್ಲಿಷ್ ಮೂರೂ ಸೇರಿ ಮಗುವಿಗೆ ಹೊರೆಯಾಗುವುದೆಂದು ಅಂಜಿ ಕನ್ನಡವನ್ನು ಬಿಡಿಸಲು ಯೋಚಿಸುವ ಪೋಷಕರು ನನ್ನ ಬಳಿ ಬರುತ್ತಾರೆ. ಅವರ ಅಂಜಿಕೆಯನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಆದರೆ ಮೇಲೆ ಹೆಸರಿಸಿದ ಲಕ್ಸೆಂಬರ್ಗಿನ ಮಕ್ಕಳನ್ನು ನೋಡಿರಿ. 1984ರ ಕಾಯಿದೆಯು ಲಕ್ಸೆಂಬರ್ಗಿಷ್ ಭಾಷೆಯನ್ನು ಆ ದೇಶದ ರಾಷ್ಟ್ರಭಾಷೆಯೆಂದು ಸಾರಿತು. ಅಲ್ಲಿನ ಮಕ್ಕಳು ಅದನ್ನು ಆಡುತ್ತ, ಬಹುಕಾಲದಿಂದ ಓದುಬರೆಹವನ್ನು ಜರ್ಮನ್ ಭಾಷೆಯಲ್ಲಿ ಕಲಿತು, ಅನಂತರ ಫ್ರೆಂಚನ್ನೂ ಕಲಿಯುತ್ತ ಬಂದಿದ್ದಾರೆ. ಮನೆಯ ಮಾತನ್ನು ಬಿಟ್ಟು ಅವರು ಬೇರೆಯದನ್ನು ಕಲಿಯಲಿಲ್ಲ. ಮನೆಯ ಮಾತಿನ ಮೇಲೆ ನಿಂತು ಕಲಿತರು.

ನಮ್ಮ ಮಕ್ಕಳಿಗೆ ದಾರಿ ಇನ್ನೂ ಹತ್ತಿರ, ಏಕೆಂದರೆ ಕನ್ನಡವೂ ತಮಿಳೂ ಒಡಹುಟ್ಟುಗಳು. ಕನ್ನಡವು ಕಳೆದುಕೊಂಡ ಱಕಾರವನ್ನು ತಮಿಳು ಕಾಪಾಡಿದೆ. ತಮಿಳಿನಲ್ಲಿ ಚಕಾರವಾದ ಹಳೆಯ ಕಕಾರವನ್ನು ಕನ್ನಡವು ಕಾಪಾಡಿದೆ. ಎರಡನ್ನೂ ಬಲ್ಲ ಮಗುವಿನ ಕೈಯಲ್ಲಿ ಹಿರಿಯರ ಆಸ್ತಿ ಹೆಚ್ಚು ಪೂರ್ಣವಾಗಿ ಸೇರುತ್ತದೆ. ಒಂದನ್ನು ಬಿಡಿಸಿದರೆ ಹೊರೆ ಇಳಿಯುವುದಿಲ್ಲ, ಆಸ್ತಿ ಕರಗುತ್ತದೆ.

ಅಭ್ಯಾಸ

1. ನಿಮ್ಮ ಸುತ್ತಿನ ಹತ್ತು ಗ್ರಾಮಗಳ ಹೆಸರುಗಳನ್ನು ಬರೆದು, ಊರು, ಹಳ್ಳಿ ಅಥವಾ ಪಳ್ಳಿ, ಹಟ್ಟಿ ಅಥವಾ ಪಟ್ಟಿ, ಕೋಟೆ ಎಂದು ವಿಂಗಡಿಸಿರಿ.

2. ಬೇರೂರು, ಊರೂರು, ನೀರೂರು, ಊರುಗೋಲು, ಊರುಭಂಗ: ಇವುಗಳಲ್ಲಿ ಯಾವ ಯಾವ 'ಊರು' ಇದೆಯೆಂಬುದನ್ನು ತಿಳಿಸಿರಿ.

3. ಹಕಾರದಿಂದ ತೊಡಗುವ ಐದು ಕನ್ನಡ ಪದಗಳನ್ನು ಆರಿಸಿ, ತಮಿಳು ಬಲ್ಲ ಗೆಳೆಯರನ್ನು ಕೇಳಿ ಅವುಗಳ ತಮಿಳು ರೂಪಗಳನ್ನು ಬರೆಯಿರಿ.

4. ನಿಮ್ಮ ಊರಿನ ನಕ್ಷೆಯನ್ನು ಬರೆಯಿರಿ. ಬರೆದು ಮುಗಿಸಿದ ಮೇಲೆ ಊರನ್ನು ಒಮ್ಮೆ ಸುತ್ತಿ ಬಂದು, ಬಿಟ್ಟುಹೋದ ಮನೆ ಯಾವುದೂ ಇಲ್ಲವೆಂದು ನಿಶ್ಚಯ ಮಾಡಿಕೊಂಡು ತಲೆಬರೆಹವನ್ನು ಕೊಡಿರಿ.